ಟವೆಲ್ಲಿನ ಕೆಳಗೆ

ಅಪ್ಪ ದಾವಣಗೆರೆಯ ಹತ್ತಿ ಮಾರ್ಕೆಟ್ಟಿನಲ್ಲಿ
ಮೂವತ್ತು ವರ್ಷ ಟವೆಲ್ಲಿನ ಕೆಳಗೆ ಮಾತಾಡಿದವನು.
ಬೆರಳು ಹಿಡಿದರೆ ನೂರು, ಗೆಣ್ಣು ಒತ್ತಿದರೆ ಐವತ್ತು,
ಮೇಲೆ ಮಾತ್ರ ಬೀಗರ ಮಾತು, ಬಿಸಿಲಿನ ಮಾತು.
ಮಾರುವವನಿಗೊಂದು ನುಡಿ, ಕೊಳ್ಳುವವನಿಗೊಂದು,
ನಡುವೆ ಇವನ ಅಂಗೈ.

ಅದಕ್ಕೇ ಇರಬೇಕು,
ಲೈಬ್ರರಿ ಅಂದರೇನು ಎಂದು ನೂರೊಂದಯ್ಯನವರು ಕೇಳಿದಾಗ
ಪುಸ್ತಕದ್ದಲ್ಲ, ದಲ್ಲಾಳಿಯದು ಅಂದುಬಿಟ್ಟೆ.

ಅವರದು ಮಂಡಿಪೇಟೆಯಲ್ಲಿ ಮೋಟರು ಸುತ್ತುವ ಅಂಗಡಿ.
ಕೆಳಗೆ ತಾಮ್ರ, ವಾರ್ನಿಶ್ಶಿನ ವಾಸನೆ.
ಮಹಡಿಯ ಮೇಲೆ ಎರಡು ಗಳುಗಳ ನಡುವೆ
ಬಟ್ಟೆ ಒಣಹಾಕಬಾರದ ಒಂದು ತಂತಿ.
(ಸೊಸೆ ಒಮ್ಮೆ ಸೀರೆ ಹರವಿದ್ದಳಂತೆ,
ಆವತ್ತು ಜಪಾನಿನವನು ಕೇಳಿಸಲೇ ಇಲ್ಲವಂತೆ.)

ಎರಡು ವರ್ಷದಿಂದ ಬಲಗೈಗೆ ನಡುಕ.
ಗುಂಡಿ ತಿರುಗಿಸಿದರೆ ದನಿ ಇದ್ದಲ್ಲಿ ನಿಲ್ಲದು,
ದಾಟುತ್ತದೆ, ಹಿಂದೆ ಬರುತ್ತದೆ, ಮತ್ತೆ ದಾಟುತ್ತದೆ,
ಸ್ಟಾಪಿನಲ್ಲಿ ನಿಲ್ಲಿಸಲು ಬಾರದ ಡ್ರೈವರನ ಹಾಗೆ.

ಮೂರು ಸೆಟ್ಟು, ಮೂರು ಮನೆತನ.
ಒಂದಕ್ಕೆ ಎರಡು ಸಲ ಕೆಮ್ಮದೆ ಮಾತು ಶುರುವಾಗದು,
ಅಂಕಿಗಳೂ ತಿರುವುಮುರುವು:
ಹದಿನಾಲ್ಕು ಇನ್ನೂರು ಎನ್ನಬೇಕಾದರೆ
ಸೊನ್ನೆ, ಸೊನ್ನೆ, ಇಪ್ಪತ್ತು, ಹದಿನಾಲ್ಕು, ಸೊನ್ನೆ.
ಇನ್ನೊಂದು ಸೀದಾ ಮನುಷ್ಯ:
ಅಕ್ಷರ, ಅಂಕಿ, ಕೊನೆಗೊಂದು ಅರ್ಧವಿರಾಮ.
ಮೂರನೆಯದು ಯಾವ ಪಟ್ಟಿಯಲ್ಲೂ ಇಲ್ಲದ ಮುದುಕ,
ಮ್ಯಾನುಯಲ್ಲು ಇಲಿ ತಿಂದಿತ್ತು.

ಯಾರೋ, ಯಾವ ದೇಶದವರೋ,
ಸಂಬಳವಿಲ್ಲದೆ ಬರೆದಿಟ್ಟ ಸಾವಿರಾರು ಸಾಲು.
ನಾನು ಹೇಳುವುದು ಒಂದೇ: ಇಲ್ಲಿಗೆ ಹೋಗು.
ಯಾರೆದುರು ಹೇಗೆ ಕೆಮ್ಮಬೇಕೋ ಅದು ನೋಡಿಕೊಳ್ಳುತ್ತದೆ.
ಕಮಿಷನ್ ಕೇಳುವುದಿಲ್ಲ.
ಅಪ್ಪ ಇದನ್ನು ನಂಬಲಿಲ್ಲ.

ಮುದುಕನಿಗಾಗಿ ಹನ್ನೊಂದು ರಾತ್ರಿ.
ಒಂದೊಂದೇ ಬೈಟು ಕಳಿಸುವುದು, ಕಾಯುವುದು.
ಒಮ್ಮೆ ತಾನೇ ಗಾಳಿಗೆ ಹತ್ತಿ
ಪಕ್ಕದ ಮನೆಯ ಟೀವಿಯಲ್ಲಿ
ಧಾರಾವಾಹಿಯ ಅತ್ತೆ ಗೊರಗೊರ ಅಂದಳು.
ಹನ್ನೆರಡನೆಯ ರಾತ್ರಿ
ಗುಂಡಿ ಅಲ್ಲಾಡದೆ ಅಂಕಿ ಅಲ್ಲಾಡಿತು.
‘ಯವ್ವಾ, ಇದಕ್ಕೆ ದೆವ್ವ ಹೊಕ್ಕೈತಿ’ ಅಂದವರು
ಮೊದಲ ಸಲ ಕೈ ಜೇಬಿನಲ್ಲಿಟ್ಟು ಕೇಳಿದರು.

ವಾರ ಕಳೆಯುವಷ್ಟರಲ್ಲಿ ಮತ್ತೆ ಗುಂಡಿಗೇ ಕೈ.
‘ನಿನ್ನ ದಲ್ಲಾಳಿ ಹೇಳಿದಲ್ಲಿ ನಿಲ್ಲಸ್ತಾನೆ, ಖರೆ.
ದಾರ್ಯಾಗೆ ಸಿಗೋರು ಇರ್ತಾರಲ್ಲ,
ಅವರನ್ನ ಯಾರು ಮಾತಾಡಸ್ಬೇಕು?’
ವಾದಿಸಲಿಲ್ಲ. ವೈರು ಮಾತ್ರ ಕೀಳಲಿಲ್ಲ.

ಲೈಬ್ರರಿ ಕೇಳುತ್ತಲೇ ಇರುತ್ತದೆ,
ಅರ್ಧ ಸೆಕೆಂಡಿಗೊಮ್ಮೆ: ಎಲ್ಲಿದ್ದೀ?
ಸೆಟ್ಟು ಹೇಳುತ್ತದೆ. ಫೈಲು ಬೆಳೆಯುತ್ತದೆ.
ನಿನ್ನೆ ತೆರೆದು ನೋಡಿದೆ.

ಏಳು ಸೊನ್ನೆ ಎಂಬತ್ತೆಂಟು.
ಏಳು ಸೊನ್ನೆ ತೊಂಬತ್ತೊಂದು.
ಏಳು ಸೊನ್ನೆ ಎಂಬತ್ತೊಂಬತ್ತು.
ಏಳು ಸೊನ್ನೆ ತೊಂಬತ್ತೆರಡು.
ಪುಟಗಟ್ಟಲೆ ಅವರ ಕೈ.

ನಡುವೆ ಒಂದು ಕಡೆ, ರಾತ್ರಿ ಹತ್ತು ನಲವತ್ತರಿಂದ,
ಒಂದೇ ಅಂಕಿ, ಆರು ನಿಮಿಷ.
ಕೂದಲೆಳೆಯಷ್ಟೂ ಅಲುಗಿಲ್ಲ.

ಯಾರು ಸಿಕ್ಕಿದ್ದರು ಎಂದು ಕೇಳಲು ಹೊರಟೆ,
ಅಂಗಡಿಯ ಮೆಟ್ಟಿಲ ತನಕ ಹೋಗಿದ್ದೆ.
ವ್ಯಾಪಾರ ನಡೆಯುವಾಗ
ಟವೆಲ್ಲು ಎತ್ತಬಾರದು ಎಂದಿದ್ದ ಅಪ್ಪ.