ಬೋರಲು, ಅಂಗಾತ

ನಿವೃತ್ತಿಗೆ ಇನ್ನು ಏಳು ತಿಂಗಳು.
ಬೋರ್ಗಿಲ್ಡ್ ಮತ್ತೆ ತರಬೇತಿಗೆ ಹೊರಟಿದ್ದಾಳೆ
ಬೂಡೊ ಊರಿಗೆ, ಬೆಳಗಿನ ಆರರ ಹಡಗಿನಲ್ಲಿ.
ಬೆಳಗು ಅನ್ನುವುದು ಗಡಿಯಾರದ ಮಾತು. ಹೊರಗೆ ಜನವರಿ,
ಸೂರ್ಯ ಈ ದ್ವೀಪದ ದಾರಿ ಮರೆತು ಐದು ವಾರ.

"ಇನ್ನೂ ಯಾಕೆ?" ಎಂದಳು ಪಕ್ಕದಲ್ಲಿದ್ದ ಈಡುನ್,
ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ದಾದಿ.
"ಮೂವತ್ತೆಂಟು ವರ್ಷ ಕೂಸುಗಳನ್ನು ಎತ್ತಿದ ಕೈ ನಿಮ್ಮದು.
ಕಲಿತ ವಿದ್ಯೆ ಕೈಬಿಡುತ್ತದೆಯೆ?"

ಬಿಡುವುದಿಲ್ಲ. ಅದೇ ತೊಂದರೆ.

ಕಾಫಿ ಬಗ್ಗಿಸಿ, ಚೀಲದಿಂದ ಪುಸ್ತಕ ತೆಗೆದಳು.
ಎಲ್ಲ ಪೆನ್ಸಿಲ್ ಬರಹ, ಉಜ್ಜಿ ಉಜ್ಜಿ ತೆಳುವಾದ ಹಾಳೆ.
ಹೊಕ್ಕುಳಿಗೆ ಸ್ಪಿರಿಟ್ ಹಚ್ಚಿ, ಅಳಿಸಿದೆ,
ಏನೂ ಹಚ್ಚಬೇಡಿ.
ಕಡಲೆಕಾಯಿ ವರ್ಷ ತುಂಬುವ ತನಕ ಬೇಡವೇ ಬೇಡ, ಅಳಿಸಿದೆ,
ಬೇಗ ರುಚಿ ತೋರಿಸಿ, ಅರೆದು.

ಒಂದೇ ಒಂದು ಪುಟ ಶಾಯಿಯದು, ಸಾವಿರದ ಒಂಬೈನೂರ ಎಂಬತ್ತಾರು:
ಕೂಸನ್ನು ಬೋರಲು ಮಲಗಿಸಿ.
ಕೆಳಗೆ ಎರಡು ಗೆರೆ.
"ಆಗ ನಾನು ಪೆನ್ನಿನಲ್ಲಿ ಬರೆಯುತ್ತಿದ್ದೆ," ಎಂದಳು.

ನಾಲ್ಕು ವರ್ಷದ ಮೇಲೆ ಓಸ್ಲೋದಿಂದ ಒಂದು ಹಾಳೆ ಬಂತು.
ಅಂಗಾತ ಮಲಗಿಸಿ. ಅಷ್ಟೇ.
ಹಿಮದಲ್ಲಿ ಮನೆ ಮನೆ ತಿರುಗಿದಳು,
ತೊಟ್ಟಿಲಿಗೆ ಬಗ್ಗಿ ತಾನೇ ಹೊರಳಿಸಿದಳು
ನಿದ್ದೆಗಣ್ಣಿನ ಬೆಚ್ಚನೆಯ ಮೈಗಳನ್ನು.
ಹಾಲ್ಡಿಸಳ ಮನೆಯಲ್ಲಿ ತೊಟ್ಟಿಲು ಆಗಲೇ ಅಟ್ಟ ಸೇರಿತ್ತು.
ಅಲ್ಲಿ ಕಾಫಿ ಕುಡಿದಳು, ಮೀನಿನ ಬೆಲೆ ಮಾತಾಡಿದಳು.
ಹಾಳೆ ಕೋಟಿನ ಜೇಬಿನಲ್ಲೇ ಉಳಿಯಿತು.

ಹನ್ನೊಂದು ವರ್ಷ ಕಳೆದು ಹಾಲ್ಡಿಸ್ ತಾನಾಗಿ,
ಅಂಗಡಿಯಲ್ಲಿ ಬ್ರೆಡ್ ಆರಿಸುತ್ತ, ಮುಖ ನೋಡದೆ:
"ನಿನಗೆ ಗೊತ್ತಿರಲಿಲ್ಲ."
ನಿಜ.
ಇವತ್ತಿಗೂ ಅದು ನಿಜವೇ.

ಈಡುನ್ ಕಿಟಕಿಯ ಕಡೆ ತಿರುಗಿದಳು.
ಗಾಜಿನಲ್ಲಿ ಅವರಿಬ್ಬರೇ, ಹಿಂದೆ ಕಪ್ಪು ಸಮುದ್ರ.

ಸಭಾಂಗಣದ ಮುಂದಿನ ಸಾಲು. ಪಾಠ ಹೇಳುವವನು
ಐನಾರ್, ದ್ವೀಪದ ಬೆಸ್ತರ ಮಗ, ಈಗ ದೊಡ್ಡ ಡಾಕ್ಟರು.
ಅವನನ್ನೂ ಬೋರಲೇ ಮಲಗಿಸಿದ್ದಳು,
ಎಂಬತ್ತೇಳರ ಚಳಿಯಲ್ಲಿ, ಇದೇ ಕೈ.
ಅವನ ಕೊರಳಿನ ಉಬ್ಬು ಮೇಲೆ ಕೆಳಗೆ ಆಡುವುದನ್ನು
ಬಹಳ ಹೊತ್ತು ನೋಡುತ್ತಿದ್ದಳು, ಬರೆಯುವುದು ಬಿಟ್ಟು.

"ಪ್ರಶ್ನೆಗಳಿವೆಯೆ?" ಎಂದ ಕೊನೆಗೆ.
ಪೆನ್ಸಿಲ್ ಹಿಡಿದ ಕೈ ಎದ್ದಿತು.
"ನೀನು ಈಗ ಹೇಳಿದ್ದು ತಪ್ಪೆಂದು ಗೊತ್ತಾದ ದಿನ,
ನಮ್ಮ ದ್ವೀಪಕ್ಕೆ ಸುದ್ದಿ ಮುಟ್ಟಲು
ಎಷ್ಟು ದಿನ ಬೇಕು, ಐನಾರ್?"