ಬೈತಖೋಲದಲ್ಲಿ ಒಂದು ಹನಿ

ಅಪ್ಪ ದೋಣಿ ಕಟ್ಟುತ್ತಿದ್ದ, ನಕ್ಷೆಯಿಲ್ಲದೆ.
ಗೇಣು, ಮೊಳ, ಒಂದು ಕಣ್ಣು ಮುಚ್ಚಿದ ನೋಟ, ಅಷ್ಟೇ.
ನಾನು ಟ್ಯಾಂಕು ಕಟ್ಟಲು ಹೋದೆ.
ನಕ್ಷೆಗಳಿಗೇ ಒಂದು ಕೋಣೆ, ಕೋಣೆಗೊಂದು ಬೀಗ,
ಬೀಗಕ್ಕೊಬ್ಬ ಸುಬೇದಾರ.

ಇಪ್ಪತ್ತಾರು ವರ್ಷ, ಮದ್ರಾಸಿನಾಚೆಯ ಶೆಡ್ಡು.
ಚೌತಿಗೆ ಊರಿಗೆ ಬಂದಾಗೆಲ್ಲ ಕೇಳುವರು:
ಮುಗಿಯಿತೋ ನಿನ್ನ ಟ್ಯಾಂಕು?
ನಮ್ಮ ಕಾಳಿ ಸೇತುವೆ ದಾಟೀತೋ ಅದು?
ಯಾಕೆ, ಗೋವೆಯ ಮೇಲೆ ಯುದ್ಧವೋ? ಎಂದು ನಗಿಸುತ್ತಿದ್ದೆ.
ಮುಗಿಯುತ್ತ ಬಂತು ಎನ್ನುತ್ತಿದ್ದೆ.
ಸುಳ್ಳಲ್ಲ.
ವರ್ಷ ವರ್ಷವೂ ಮುಗಿಯುತ್ತಲೇ ಬಂತು.

ತೋಪು ದಪ್ಪವಾಗಲಿ ಎಂದರು, ಆಯಿತು.
ತೋಪು ದಪ್ಪವಾದರೆ ಬುರುಜು ಅಗಲ,
ಬುರುಜು ಅಗಲವಾದರೆ ಮೈ ಭಾರ,
ಮೈ ಭಾರವಾದರೆ ಎಂಜಿನ್ ಸಾಲದು,
ಸಾಲುವ ಎಂಜಿನ್ನು ಜರ್ಮನಿಯಲ್ಲಿ ಹಡಗು ಹತ್ತಬೇಕು.
ಹತ್ತಿತು, ಇಳಿಯಿತು. ಅಷ್ಟರಲ್ಲಿ ಪತ್ರ:
ರೈಲಿನ ವ್ಯಾಗನ್ನಿಗಿಂತ ಅಗಲ ಯಾಕಾಯಿತು?

ನನ್ನ ಪಾಲಿನದು ಅಷ್ಟು ದೊಡ್ಡದಲ್ಲ.
ಒಂದು ಆಯಿಲ್ ಸೀಲು. ಬಳೆಯಷ್ಟು.
ಶೆಡ್ಡಿನಲ್ಲಿ ಗಟ್ಟಿ. ಮರಳುಗಾಡಿಗೆ ಇಳಿಸಿದರೆ
ನಡುಹಗಲು ತುಟಿ ಬಿಡುತ್ತಿತ್ತು.
ಬಿಳಿ ಮರಳ ಮೇಲೆ ಕರಿ ಹನಿ.
ಕರ್ನಲ್ ಸಾಹೇಬರು ಬಗ್ಗಿ, ಬೆರಳಲ್ಲಿ ಮುಟ್ಟಿ,
ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು.
ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
ಆ ಒಂದು ಹನಿಗೆ ಹನ್ನೊಂದು ತಿಂಗಳು.

ರಬ್ಬರು ಒಂಬತ್ತು ಸಲ ಬದಲಾಯಿತು.
ಹತ್ತನೆಯದು ನಿಂತಿತು.
ಅವತ್ತು ಚಪ್ಪಾಳೆಯಿಲ್ಲ, ಪೇಡೆಯಿಲ್ಲ.
ಸೋರದೆ ಇರುವುದನ್ನು ನೋಡಲು ಯಾರು ಬರುತ್ತಾರೆ?

ಈಗ ಬೈತಖೋಲದ ಧಕ್ಕೆ. ಮೀನು ನಿಷೇಧ ಮುಗಿದ ವಾರ.
ಉಮಾಕಾಂತ ತಾಂಡೇಲನ ಬೋಟಿನ ಹೊಟ್ಟೆಯಲ್ಲಿ
ಡೀಸೆಲ್ಲು, ಹಳೆ ಬಂಗುಡೆಯ ವಾಸನೆ.
ಶಾಫ್ಟಿನ ಸುತ್ತ ಗ್ಲ್ಯಾಂಡಿನ ಹಗ್ಗ ಸುತ್ತಿ
ನಟ್ಟು ಬಿಗಿದೆ, ಹಳೆಯ ಹಠದಲ್ಲಿ,
ನೀರ ಪಸೆಯೂ ಒಳಬಾರದಂತೆ.

ಅವ ಮೇಲಿಂದ ಕೂಗಿದ:
ಅರೆ ಮೇಸ್ತಾ, ಅಷ್ಟು ಬಿಗಿಬೇಡ ಮಾರಾಯಾ!
ಹನಿ ಬೀಳ್ಬೇಕು, ನಿಮಿಷಕ್ಕೆ ಮೂರ್ನಾಲ್ಕು.
ಬೀಳದಿದ್ರೆ ಕೂರ್ಮಗಡ ದಾಟೋದ್ರೊಳಗೆ
ಶಾಫ್ಟು ಸುಟ್ಟುಹೋಗ್ತದೆ.

ಪಾನಾ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.
ಆಮೇಲೆ ಕಾಲು ಸುತ್ತು ಸಡಿಲಿಸಿದೆ.

ಬಿತ್ತು. ಉಪ್ಪು ನೀರು.
ಇನ್ನೊಂದು.
ನಾಲ್ಕರವರೆಗೂ ಎಣಿಸಿದೆ.
ಕೈ ತಾನಾಗಿಯೇ ಜೇಬಿಗೆ ಹೋಯಿತು,
ಪೆನ್ನು ಹುಡುಕುತ್ತ.