ಬಂಡೂರು ಕುರಿ ಬಳಗ ೩

ನಿನ್ನ ಕ್ಷೇತ್ರ ಎಲ್ಲಿ ಅಂತ ಕೇಳಿದರು ಮೇಡಂ.
ಹಾಸ್ಟೆಲಿನ ಕಿಟಕಿ ಪಕ್ಕದ ಪ್ಲಗ್ಗು ನೆನಪಾಯಿತು,
ಹೇಳಲಿಲ್ಲ.
ಬಂಡೂರು ಕುರಿ ಬಳಗ, ಎಂದೆ, ಮೂರನೆಯದು.
ಒಂದೂ ಎರಡೂ ತುಂಬಿಹೋಗಿವೆ.

ಮೈಸೂರಿಂದ ಮಳವಳ್ಳಿಗೆ ಬೇಕಾದಷ್ಟು ಬಸ್ಸು.
ಹತ್ತಲಿಲ್ಲ. ಗಂಗೋತ್ರಿಯ ಕೋಣೆಯಲ್ಲಿ
ಚಾಪೆ ಮೇಲೆ ಕೂತೇ
ಇನ್ನೂರ ಮೂವತ್ತೊಂದು ಜನರ ಜಗಲಿಗೆ ಹೋದೆ.
ಹೊಸಿಲಲ್ಲೇ ನಿಂತು ಹೇಳಿದೆ:
ನಾನು ಸಂಶೋಧನೆಯವಳು,
ನೀವಾಡಿದ್ದು ಬರೆದುಕೊಳ್ಳುತ್ತೇನೆ, ಹೆಸರು ಹಾಕುವುದಿಲ್ಲ,
ಬೇಡ ಅನ್ನುವವರು ಬೇಡ ಅನ್ನಿ.
ನಾಲ್ಕು ಹೆಬ್ಬೆಟ್ಟು ಬಿದ್ದವು. ಒಂದು ಗುಲಾಬಿ.
ಆಮೇಲೆ ಬಾಬಾಜಾನ್
(ನಾನಿಟ್ಟ ಹೆಸರು, ಅವರದಲ್ಲ) ಕೇಳಿದರು:
ಅದಿರ್ಲಿ, ಕುರಿ ಬೇಕಾ ಬ್ಯಾಡ್ವಾ?

ಮೊದಲ ತಿಂಗಳು ಬರೀ ಎಣಿಸಿದೆ.
ತುಟಿ ಎತ್ತಿ ಹಲ್ಲು ತೋರಿಸುವ ಬೆರಳುಗಳ ಪಟ, ಎಪ್ಪತ್ತಾರು.
ಗಿಡ್ಡ ಕಾಲು ಕಾಣಲೆಂದು
ನೆಲಕ್ಕೆ ಫೋನಿಟ್ಟು ಹಿಡಿದ ವಿಡಿಯೊ,
ಅದರಲ್ಲಿ ಕುರಿಗಿಂತ ಹೆಚ್ಚು ಹಿಕ್ಕೆ.
ಸತ್ತ ಮರಿಯೊಂದಕ್ಕೆ ಮುಗಿದ ಕೈಗಳ ಸಾಲು,
ಅದರ ಕೆಳಗೇ ಯಾರದೋ ಶುಭೋದಯ, ತಾವರೆ.
ಬೆಲೆ ಮಾತ್ರ ಎಲ್ಲೂ ಇಲ್ಲ.
ಇನ್‌ಬಾಕ್ಸಿಗೆ ಬನ್ನಿ ಅನ್ನುತ್ತಾರೆ,
ಇಬ್ಬರೂ ಮಾಯ.

ಮೇಡಂ ಕೊಟ್ಟ ಮೂರು ಪುಸ್ತಕಗಳಲ್ಲಿ
ಈ ಮಾಯಕ್ಕೆ ಮೂರು ಹೆಸರಿತ್ತು.
ಚಿಕ್ಕತಾಯಮ್ಮ ಒಂದು ಧ್ವನಿ ಕಳಿಸಿದಳು:
ಸಂತೇಲಿ ಟವಲೊಳ್ಗೆ ಬೆಟ್ಟು ಹಿಡೀತಿದ್ರು ಕನವ್ವ,
ಒಂದು ಬೆಟ್ಟು ಸಾವ್ರ, ಅರ್ಧ ಮಡಚಿದ್ರೆ ಐನೂರು.
ನೋಡೋರ್ಗೆ ಟವಲ್ಲು ಅಲ್ಲಾಡೋದ್ ಕಾಣ್ತದೆ, ಅಷ್ಟೇಯ.
ಇನ್‌ಬಾಕ್ಸು ಅಂದ್ರೂ ಅದೇಯ.

ಮತ್ತೆ ಮತ್ತೆ ಕೇಳಿದೆ. ಮಾತಿನ ಹಿಂದೆ
ಕಬ್ಬಿನ ಟ್ರ್ಯಾಕ್ಟರು, ಉಜ್ಜುವ ತಪ್ಪಲೆ, ಒಂದು ಮರಿ,
ಗಂಡನನ್ನೋ ನಾಯಿಯನ್ನೋ ಬೈಯುತ್ತಿದ್ದ ಸೊಸೆ.
ಬೈಗುಳವನ್ನೂ ಬರೆದುಕೊಂಡೆ.
ಸೊಸೆಯ ಹೆಬ್ಬೆಟ್ಟು ಬಿದ್ದಿಲ್ಲವೆಂದು ನೆನಪಾಗಿ
ಹೊಡೆದುಹಾಕಿದೆ.
ಹೊಡೆದದ್ದು ಈಗಲೂ ಕಾಣುತ್ತದೆ ನೋಟ್ಬುಕ್ಕಿನಲ್ಲಿ,
ಅವರಲ್ಲಿ ಕಾಣುವ ಹಾಗೆಯೇ:
ಈ ಸಂದೇಶವನ್ನು ಅಳಿಸಲಾಗಿದೆ.

ಎಂಟನೆಯ ತಿಂಗಳು. ರಾತ್ರಿ ಒಂದೂವರೆ.
ಗುಂಪಿಗಲ್ಲ, ನನಗೇ ಬಂತು, ಅಕ್ಷರದಲ್ಲಿ, ಮೆಲ್ಲಗೆ:

ದಿನಾ ಈ ಒತ್ನಲ್ಲಿ ಎಚ್ರ ಇರ್ತೀಯ.
ಮಂಗ್ಳಾರ ಬರಾಕಿಲ್ಲ.
ಎಲ್ರ ಸ್ಟೇಟಸ್ಸೂ ನೋಡ್ತೀಯ, ನಿಂದು ಒಂದೂ ಹಾಕಾಕಿಲ್ಲ.
ಆಷಾಢದಲ್ಲಿ ಒಂಬತ್ತು ದಿನ ಕಾಣ್ಲಿಲ್ಲ,
ಮೈಗುಸಾರಿರ್ಲಿಲ್ವಾ? ಯಾರಾದ್ರೂ ಓದ್ರಾ?
ಎರಡ್ನೇ ಬಳಗದಲ್ಲಿ ನಿನ್ ವಿಚಾರ ಮಾತಾತು.

ಎರಡನೆಯ ಬಳಗದಲ್ಲಿ ನಾನಿಲ್ಲ.
ಹೋಗಲಾರೆ, ತುಂಬಿದೆ.
ಅಲ್ಲಿ ಯಾರು ನನ್ನ ತುಟಿ ಎತ್ತಿ ಹಲ್ಲು ನೋಡಿದರೋ,
ಎಷ್ಟು ಬೆಟ್ಟು ಹಿಡಿದರೋ.
ಎದ್ದು ನೋಟ್ಬುಕ್ಕು ತೆಗೆದೆ. ಆಷಾಢದ ಆ ಒಂಬತ್ತು ದಿನದ ಎದುರು
ನನ್ನದೇ ಅಕ್ಷರ, ದುಂಡಗೆ:
ದತ್ತಾಂಶವಿಲ್ಲ.

ಸೋಮಾರ ಕಿರುಗಾವಲು ಸಂತೆಗೆ ಬಾ, ಎಂದಳು,
ಕುರಿ ಕೊಳ್ಳಾಕಲ್ಲ, ಸುಮ್ಕೆ.

ಬರುತ್ತೇನೆ ಎಂದು ಬರೆದೆ, ಅಳಿಸಿದೆ.
ಒಂಬತ್ತು ದಿನದ್ದು ಬರೆದೆ, ಅಳಿಸಿದೆ,
ಮತ್ತೆ ಬರೆಯತೊಡಗಿದೆ.

ಅತ್ತ ಅವಳ ಪರದೆಯಲ್ಲಿ
ಟವೆಲ್ಲು ಅಲ್ಲಾಡುತ್ತಿತ್ತು.